ಕುರುಗೋಡು ಗುಡ್ಡದಲ್ಲಿ ಕೂಗಿದ್ದು ಯಾರು?

ಮಾಗಿ ಚಳಿ ಶುರುವಾಯಿತೆಂದರೆ ಬಳ್ಳಾರಿಯ ಹುಡುಗರಿಗೆ ಗುಡ್ಡದ ಹುಚ್ಚು ಹಿಡಿಯುತ್ತದೆ. ಭಾನುವಾರ ಇನ್ನೂ ಕತ್ತಲಿರುವಾಗಲೇ ಬೈಕು ಹತ್ತಿ ಕೆಲವರು ಸಂಗನಕಲ್ಲಿನ ಕಡೆ, ಕೆಲವರು ಕುರುಗೋಡಿನ ಕಡೆ ಹೊರಡುತ್ತಾರೆ. ಸೂರ್ಯ ಹುಟ್ಟುವ ಮೊದಲೇ ನೆತ್ತಿಯ ಬಂಡೆ ಮುಟ್ಟಬೇಕು ಎಂಬ ಆತುರ. ತಿಂಡಿ ಹೊತ್ತಿಗೆಲ್ಲ ನನ್ನ ಫೋನಿಗೆ ಒಂದೆರಡು ಧ್ವನಿಮುದ್ರಿಕೆ ಬಂದಿರುತ್ತವೆ. ಅದರಲ್ಲಿ ಮುಕ್ಕಾಲು ಪಾಲು ಗಾಳಿ, ಉಳಿದದ್ದು ಅವರದೇ ಏದುಸಿರು. ಇವೆರಡರ ಹಿಂದೆ ಎಲ್ಲೋ ಒಂದು ಸಪ್ಪಳ. ಕೆಳಗೆ ಒಂದು ಸಾಲು: “ಸರ್, ಗವಿ ಒಳಗಿಂದ ಬಂತು. ನಾವು ಅಲ್ಲಿ ನಿಂದ್ರಲಿಲ್ಲ, ಇಳಿದು ಬಂದ್ವಿ. ಇದು ಏನಿರಬಹುದು?”

ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಗೌರವ. ಕೇಳದೆ ಅದೇ ಮುದ್ರಿಕೆಗೆ “ಗುಡ್ಡದ ದೆವ್ವ” ಎಂದು ಹೆಸರು ಹಚ್ಚಿ ಊರಿಗೆಲ್ಲ ಹಂಚುವವರೂ ಇದ್ದಾರೆ. ಅದು ತಮಾಷೆಯಲ್ಲಿ ಮುಗಿಯುವ ಮಾತಲ್ಲ. ಹಂಚಿದ ಮರುದಿನ ನೂರು ಜನ ಅಲ್ಲಿಗೆ ಹೋಗುತ್ತಾರೆ, ಕೆಲವರ ಕೈಯಲ್ಲಿ ಬಡಿಗೆ, ಕೆಲವರ ಕೈಯಲ್ಲಿ ಪಟಾಕಿ. ಗವಿಯೊಳಗೆ ಮರಿ ಹಾಕಿಕೊಂಡ ತಾಯಿ ಕರಡಿ ಇದ್ದರೆ ಆ ದಿನ ಯಾರಿಗೋ ಪ್ರಾಣಕ್ಕೆ ಬರುತ್ತದೆ, ಕರಡಿಗೋ ಮನುಷ್ಯರಿಗೋ. ಆದ್ದರಿಂದ ದನಿ ಯಾರದೆಂದು ತಿಳಿದುಕೊಳ್ಳುವುದು ಬಿಡುವಿದ್ದವರ ಹವ್ಯಾಸವಲ್ಲ, ಗುಡ್ಡ ಹತ್ತುವ ಪ್ರತಿಯೊಬ್ಬರೂ ಮೊದಲು ಕಲಿಯಬೇಕಾದ ಪಾಠ ಎಂದು ನಾನು ನಂಬಿದ್ದೇನೆ.

“ಬಳ್ಳಾರಿಯಲ್ಲಿ ಕಾಡು ಎಲ್ಲಿದೆ?” ಎಂದು ಮಲೆನಾಡಿನ ಗೆಳೆಯರು ಕೇಳುತ್ತಾರೆ. ನಮ್ಮ ಕಾಡು ಮರದ್ದಲ್ಲ, ಕಲ್ಲಿನದು. ಒಂದರ ಮೇಲೊಂದು ಒರಗಿದ ಗ್ರಾನೈಟ್ ಗುಂಡುಗಳು, ಅವುಗಳ ಸಂದಿನಲ್ಲಿ ಕವಳಿ, ಕಾರೆ, ಬಾರೆ, ಸೀತಾಫಲದ ಕಂಟಿ, ಮುಳ್ಳು, ಬೆನ್ನೆತ್ತರದ ಹುಲ್ಲು. ಹೊರಗೆ ಬಿಸಿಲು ಬಂಡೆ ಸಿಡಿಸುವಂತಿದ್ದಾಗಲೂ ಬಂಡೆಯಡಿಯ ಪೊಟರೆಯಲ್ಲಿ ತಂಪು. ಕರಡಿ, ಚಿರತೆ, ಮುಳ್ಳುಹಂದಿ, ಗೂಬೆ ಎಲ್ಲಕ್ಕೂ ಅದೇ ಮನೆ. ದರೋಜಿಯಿಂದ ಕಂಪ್ಲಿ, ಕುರುಗೋಡು, ತೆಕ್ಕಲಕೋಟೆಯವರೆಗೆ ಈ ಕಲ್ಲುಗುಡ್ಡಗಳು ಬಿಟ್ಟುಬಿಟ್ಟು ಸಾಗುತ್ತವೆ. ನಡುವೆ ಕಾಲುವೆ, ಭತ್ತದ ಗದ್ದೆ, ಊರು, ರಸ್ತೆ. ಪ್ರಾಣಿಗಳು ರಾತ್ರಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ಈ ಗದ್ದೆಗಳನ್ನೇ ಹಾದು ಹೋಗುತ್ತವೆ.

ಈ ಕಲ್ಲಿನ ಕಾಡಿಗೆ ಇನ್ನೊಂದು ಗುಣವುಂಟು. ಇಲ್ಲಿ ಕಿವಿ ಮೋಸ ಹೋಗುತ್ತದೆ.

ಸದ್ದು ಎತ್ತ ಕಡೆಯಿಂದ ಬಂತು ಎಂಬುದನ್ನು ಮಿದುಳು ಎರಡು ಕಿವಿಗಳಿಗೆ ಅದು ತಲುಪುವ ಹೊತ್ತಿನ ವ್ಯತ್ಯಾಸದಿಂದ ಲೆಕ್ಕ ಹಾಕುತ್ತದೆ. ಕಿವಿಗಳ ನಡುವಿನ ಅಂತರ ಸುಮಾರು 20 ಸೆಂಟಿಮೀಟರ್. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅಂದರೆ ಪೂರ್ತಿ ಬಲಗಡೆಯಿಂದ ಬಂದ ಸದ್ದು ಎಡಗಿವಿಗೆ ತಲುಪುವಾಗ ಆಗುವ ತಡ ಒಂದು ಸೆಕೆಂಡಿನ ಸಾವಿರದ ಒಂದು ಪಾಲನ್ನೂ ಮುಟ್ಟುವುದಿಲ್ಲ. ಅಷ್ಟನ್ನೂ ನಮ್ಮ ತಲೆ ಹಿಡಿದುಬಿಡುತ್ತದೆ, ಅದೊಂದು ಸೋಜಿಗ. ಆದರೆ ಸದ್ದು ನೇರ ಮುಂದಿನಿಂದ ಬಂದರೂ ನೇರ ಬೆನ್ನ ಹಿಂದಿನಿಂದ ಬಂದರೂ ಎರಡೂ ಕಿವಿಗೆ ಒಟ್ಟಿಗೇ ಮುಟ್ಟುತ್ತದೆ. ಕತ್ತಲಲ್ಲಿ “ನನ್ನ ಹಿಂದೇ ಕೂಗಿತು” ಎಂದು ಬೆಚ್ಚುವವರಲ್ಲಿ ಎಷ್ಟೋ ಜನರಿಗೆ ಅದು ಮುಂದೆ, ದೂರದಲ್ಲಿ ಕೂಗಿರುತ್ತದೆ. ಇದಕ್ಕೆ ಮದ್ದು ಸುಲಭ: ನಿಂತಲ್ಲೇ ನಿಂತು, ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಹೊರಳಿಸಿ ಮತ್ತೊಮ್ಮೆ ಕೇಳುವುದು. ಓಡುವವನಿಗೆ ಈ ಲೆಕ್ಕ ಸಿಗುವುದಿಲ್ಲ.

ಬಂಡೆಗಳ ನಡುವೆ ಈ ಲೆಕ್ಕ ಇನ್ನೂ ತಪ್ಪುತ್ತದೆ. ಮೊದಲು ಮುಟ್ಟಿದ ಸದ್ದನ್ನೇ ನಿಜವಾದ ದಿಕ್ಕು ಎಂದು ಮಿದುಳು ನಂಬುತ್ತದೆ, ಆಮೇಲೆ ಬಂದದ್ದನ್ನು ಮಾರ್ದನಿ ಎಂದು ಬದಿಗಿಡುತ್ತದೆ. ಬಯಲಿನಲ್ಲಿ ಇದು ಸರಿ. ಕುರುಗೋಡು ಗುಡ್ಡದಲ್ಲಿ ನಿಮಗೂ ಪ್ರಾಣಿಗೂ ನಡುವೆ ಆನೆಗಾತ್ರದ ಗುಂಡೊಂದು ಅಡ್ಡ ನಿಂತಿದ್ದರೆ ನೇರ ದಾರಿ ಮುಚ್ಚಿರುತ್ತದೆ. ಮೊದಲು ಕಿವಿಗೆ ಬೀಳುವುದು ಎದುರಿನ ಬಂಡೆಗೆ ಬಡಿದು ಬಂದ ಸದ್ದು. ಆಗ ಎಡಕ್ಕಿರುವ ಗೂಬೆ ಬಲಗಡೆಯ ಗವಿಯಿಂದ ಕೂಗಿದಂತಾಗುತ್ತದೆ. ಗವಿಯೇನೋ ಅಲ್ಲಿದೆ, ಒಳಗೆ ಕತ್ತಲೆಯೂ ಇದೆ, ಮನಸ್ಸು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಎದುರಿನ ಬಂಡೆ ಹದಿನೇಳು ಮೀಟರಿಗಿಂತ ದೂರವಿದ್ದರೆ ಮಾರ್ದನಿ ಬೇರೆಯಾಗಿಯೇ ಕೇಳುತ್ತದೆ. ಹತ್ತಿರವಿದ್ದರೆ ಮೂಲದ ಸದ್ದಿನ ಜೊತೆ ಬೆರೆತು ಅದನ್ನೇ ದೊಡ್ಡದು ಮಾಡುತ್ತದೆ. ಒಂದು ಕೋತಿಯ ಗದರಿಕೆ ನಾಲ್ಕು ಕೋತಿಗಳದ್ದಾಗುವುದು ಹೀಗೆ.

ಹೊತ್ತು ಮುಳುಗಿದ ಮೇಲೆ ಮತ್ತೊಂದು ಸಂಗತಿ ಸೇರಿಕೊಳ್ಳುತ್ತದೆ. ಹಗಲು ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು; ಸದ್ದು ಮೇಲಕ್ಕೆ ಬಾಗಿ ಚದುರಿಹೋಗುತ್ತದೆ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗಿ ಕೆಳಗಿನ ಗಾಳಿ ತಂಪಾಗುತ್ತದೆ, ಅದರ ಮೇಲೆ ಬೆಚ್ಚನೆಯ ಪದರ ನಿಲ್ಲುತ್ತದೆ. ಆಗ ಸದ್ದು ಕೆಳಕ್ಕೆ ಬಾಗಿ ನೆಲದ ಮೇಲೇ ದೂರ ಹರಿಯುತ್ತದೆ. ಹಗಲಿನಲ್ಲಿ ಕೇಳದ ರೈಲಿನ ಕೂಗು ನಸುಕಿನಲ್ಲಿ ಮನೆ ಹಿತ್ತಲಲ್ಲೇ ಕೇಳುವುದು ಇದೇ ಕಾರಣಕ್ಕೆ. ಕಾಲುವೆಯಾಚೆಯ ನರಿಯ ಊಳೂ ಹಾಗೆಯೇ ಬಂಡೆಯ ಬುಡಕ್ಕೆ ಬಂದುಬಿಡುತ್ತದೆ.

ಈಗ ದನಿಗಳ ಒಡೆಯರ ಮಾತು. ಮೊದಲಿನ ಸ್ಥಾನ ಕರಡಿಗೇ ಸಲ್ಲಬೇಕು, ಈ ಸೀಮೆ ಅದರದ್ದೇ. ಏಷ್ಯಾದ ಮೊದಲ ಕರಡಿ ಧಾಮವೆಂದು ಹೆಸರಾದ ದರೋಜಿ ಧಾಮವನ್ನು ಘೋಷಿಸಿದ್ದು 1994ರಲ್ಲಿ, ಬಿಳಿಕಲ್ಲು ಅರಣ್ಯದಲ್ಲಿ. ಸಂಜೆ ಮುಂದೆ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬರುತ್ತಾರೆ, ಕರಡಿಗಳು ಒಂದೊಂದಾಗಿ ಇಳಿದು ನೆಕ್ಕುತ್ತವೆ. ವೀಕ್ಷಣಾ ಗೋಪುರದಿಂದ ನೋಡಿದವರು ಕರಡಿಯನ್ನು ಕಂಡಿರುತ್ತಾರೆ, ಆದರೆ ಅದರ ದನಿ ಕೇಳಿದವರು ಕಡಿಮೆ. ಅದರ ಮುಖ್ಯವಾದ ದನಿ ಗಂಟಲಿನದೂ ಅಲ್ಲ, ಊಟದ್ದು.

ನಮ್ಮ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಆ ಸಂದು ಗೆದ್ದಲು ತಿನ್ನಲೆಂದೇ ಒದಗಿದ್ದು. ಹುತ್ತವನ್ನು ಉಗುರಿನಿಂದ ಕೆದರಿ, ಮೂತಿ ತೂರಿಸಿ, ಮೊದಲು ಜೋರಾಗಿ ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಯನ್ನು ಕೊಳವೆಯಂತೆ ಮುಂದೆ ಚಾಚಿ, ಹಲ್ಲಿಲ್ಲದ ಸಂದಿನಿಂದ ಗೆದ್ದಲನ್ನು ಒಳಕ್ಕೆ ಹೀರುತ್ತದೆ. ಊದು, ಹೀರು, ಊದು, ಹೀರು. ನೂರು ಮೀಟರಿಗೂ ಆಚೆ ಈ ಸದ್ದು ಕೇಳುತ್ತದೆ. ಮೋಟಾರಿನಂತಿದೆಯಲ್ಲ, ಗುಡ್ಡದ ಮೇಲೆ ಮೋಟಾರು ಎಲ್ಲಿಂದ ಬಂತು ಎಂದು ಹೊಸಬರು ಗಾಬರಿಯಾಗುತ್ತಾರೆ. ಗವಿಯಿಂದ ಜೇನುಹುಳುಗಳ ಗುಂಯ್‌ಗುಟ್ಟುವಿಕೆ ಕೇಳಿತೆಂದು ಒಬ್ಬ ಹುಡುಗ ಬರೆದಿದ್ದ. ಜೇನು ಇರಬಹುದು. ಆದರೆ ಕರಡಿ ಮರಿಗಳು ಹಾಲು ಕುಡಿಯುವಾಗಲೂ, ದೊಡ್ಡ ಕರಡಿಗಳು ಮಲಗಿ ತಮ್ಮದೇ ಅಂಗಾಲು ಚೀಪುವಾಗಲೂ ಇಂಥದ್ದೇ ಗುನುಗು ಹೊರಡಿಸುತ್ತವೆ. ಚಳಿಗಾಲದಲ್ಲಿ ತಾಯಿ ಗವಿಯಲ್ಲಿ ಮರಿ ಹಾಕಿ ಎರಡು ಮೂರು ತಿಂಗಳು ಅಲ್ಲೇ ಕಾಪಾಡುತ್ತದೆ. ಹುಡುಗರು ಗುಡ್ಡ ಹತ್ತುವುದೂ ಅದೇ ತಿಂಗಳುಗಳಲ್ಲಿ. ಗವಿಯೊಳಗೆ ಗುನುಗು ಕೇಳಿದರೆ ಟಾರ್ಚು ಬಿಟ್ಟು ನೋಡುವ ಆಸೆಯನ್ನು ನುಂಗಿಕೊಂಡು ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು.

ಈ ಪ್ರಾಣಿಯನ್ನು ಮೊದಲು ವರ್ಣಿಸಿದ ಯುರೋಪಿನ ವಿಜ್ಞಾನಿ ಜಾರ್ಜ್ ಶಾ 1791ರಲ್ಲಿ ಇದನ್ನು ಕರಡಿಯೆಂದೇ ತಿಳಿಯಲಿಲ್ಲ. ಉದ್ದನೆಯ ಉಗುರು, ಇಲ್ಲದ ಹಲ್ಲು ನೋಡಿ ಅಮೆರಿಕದ ಮರಗಳಲ್ಲಿ ಜೋತಾಡುವ ಸ್ಲಾತ್ ಎಂಬ ಪ್ರಾಣಿಯ ಗುಂಪಿಗೆ ಸೇರಿಸಿದರು. ಇಂದಿಗೂ ಅದರ ಇಂಗ್ಲಿಷ್ ಹೆಸರು ಸ್ಲಾತ್ ಬೇರ್ ಎಂದೇ ಉಳಿದಿದೆ. ನಮ್ಮ ಕುರಿಗಾಹಿಗಳಿಗೆ ಅಂಥ ಗೊಂದಲ ಎಂದೂ ಇರಲಿಲ್ಲ. ಕುರುಗೋಡಿನ ಹತ್ತಿರ ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯರು ನನಗೆ ಹುತ್ತವೊಂದನ್ನು ತೋರಿಸಿದ್ದರು. ಬುಡದಲ್ಲಿ ಮೊಳದುದ್ದ ಕೊರೆದ ಗುಂಡಿ, ಅಂಚಿನಲ್ಲಿ ಸಾಲುಗಟ್ಟಿದ ಉಗುರಿನ ಗೆರೆ, ಒಳಗೆ ಮಣ್ಣು ಇನ್ನೂ ಹಸಿ. ಗೆದ್ದಲು ಆಗಲೇ ಒಡೆದ ಗೋಡೆ ಕಟ್ಟಲು ಶುರು ಮಾಡಿದ್ದವು. “ತಮ್ಮಾ, ಹುಳ ಇನ್ನೂ ಓಡ್ಯಾಡಕತ್ಯಾವ. ಅದು ಹೋಗಿ ಬಾಳ ಹೊತ್ತಾಗಿಲ್ಲ. ಇಲ್ಲಿಂದ ಮಾತಾಡಿಕೋತ ಹೋಗಬೇಕು, ಸುಮ್ಮನ ಹೋಗಬಾರದು” ಅಂದರು.

ಆ ಕೊನೆಯ ಮಾತು ಯಾವ ಕೈಪಿಡಿಗಿಂತಲೂ ಕಡಿಮೆಯಲ್ಲ. ಕರಡಿಗೆ ಮೂಗು ಚುರುಕು, ಕಣ್ಣು ಮಂದ. ಹುತ್ತದಲ್ಲಿ ಮೂತಿ ತೂರಿಸಿ ತಾನೇ ಅಷ್ಟು ಸದ್ದು ಮಾಡುತ್ತಿರುವಾಗ ನಿಮ್ಮ ಹೆಜ್ಜೆ ಅದಕ್ಕೆ ಕೇಳುವುದಿಲ್ಲ. ತಲೆ ಎತ್ತಿದಾಗ ನೀವು ಹತ್ತು ಮಾರು ದೂರದಲ್ಲಿ ನಿಂತಿದ್ದರೆ ಅದು ಹೆದರುತ್ತದೆ, ಹೆದರಿದ ಕರಡಿ ಓಡುವುದಕ್ಕಿಂತ ಮೇಲೆ ಬೀಳುವುದೇ ಹೆಚ್ಚು, ಅದೂ ಮುಖಕ್ಕೆ. ಆದ್ದರಿಂದ ಗುಂಪಿನಲ್ಲಿ, ಮಾತಾಡುತ್ತ, ಬೆಳಕು ಹರಿದ ಮೇಲೆ ಹೋಗಬೇಕು. ಆಗಾಗ ನಿಂತು ಕಿವಿಗೊಡಬೇಕು. ಹೆಗಲಿಗೆ ಸ್ಪೀಕರ್ ಹಾಕಿಕೊಂಡು ಹಾಡು ಹಚ್ಚಿ ಹತ್ತುವವರು ತಾವು ಸುರಕ್ಷಿತ ಎಂದುಕೊಳ್ಳುತ್ತಾರೆ. ಆ ಗದ್ದಲದಲ್ಲಿ ಕರಡಿಗೆ ನೀವು ಕೇಳುತ್ತೀರಿ ನಿಜ, ನಿಮಗೆ ಕರಡಿ ಕೇಳುವುದಿಲ್ಲ. ದೂರದಲ್ಲಿ ಕಂಡರೆ ಬೆನ್ನು ಕೊಟ್ಟು ಓಡದೆ ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ ಎರಡೂ ಕೈಯಿಂದ ಕತ್ತು ಮುಚ್ಚಿಕೊಳ್ಳುವುದೇ ಉಳಿದ ದಾರಿ.

ಚಿರತೆಯ ದನಿ ಬೇರೆ ಬಗೆ. ಮರದ ದಿಮ್ಮಿಗೆ ಗರಗಸ ಎಳೆದಂತೆ, ಉಸಿರು ಒಳಗೂ ಹೊರಗೂ ಕರಕರ ಎನ್ನುತ್ತ ಹತ್ತಾರು ಬಾರಿ ಬಂದು ನಿಲ್ಲುತ್ತದೆ. ಇದು ಬೇಟೆಯ ಸದ್ದಲ್ಲ. ಈ ಜಾಗ ನನ್ನದು ಎಂದು ಬೇರೆ ಚಿರತೆಗಳಿಗೆ ತಿಳಿಸುವುದು, ಅಥವಾ ಜೊತೆ ಕರೆಯುವುದು. ಬೇಟೆಗೆ ಹೊರಟ ಚಿರತೆ ಉಸಿರನ್ನೂ ಬಿಟ್ಟುಕೊಡುವುದಿಲ್ಲ. ಅದು ಸುಳಿದಿದೆ ಎಂದು ಹೇಳುವವರು ಬೇರೆಯವರು. ಮುಸಿಯ ಬಂಡೆಯ ತುದಿಯಲ್ಲಿ ಕೂತು ಕೆಮ್ಮಿದಂತೆ ಒಂದೇ ಸಮನೆ ಗದರುತ್ತದೆ, ನವಿಲು ಕೊಳಲು ಒಡೆದಂತೆ ಚೀರಿ ಹಾರುತ್ತದೆ. ಆ ಗದರಿಕೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲದೆ ಸಾಗಿದರೆ ಆ ದಿಕ್ಕಿನ ಕಂಟಿಯನ್ನು ಬಿಟ್ಟು ನಡೆಯಿರಿ. ಕತ್ತೆಕಿರುಬದ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಟಿವಿಯಲ್ಲಿ ನಗುವ ಹಯೀನಾ ಆಫ್ರಿಕದ ಚುಕ್ಕೆ ಕಿರುಬ. ನಮ್ಮಲ್ಲಿರುವುದು ಪಟ್ಟೆ ಕಿರುಬ, ಅದು ಬಹುಪಾಲು ಮೌನಿ. ರಾತ್ರಿ ನಗೆ ಕೇಳಿತು ಎನ್ನುವವರಿಗೆ ಕೇಳಿರುವುದು ಹೆಚ್ಚಾಗಿ ನರಿಗಳ ಗುಂಪು. ನರಿಯ ಊಳು ಒಂದರಿಂದ ಶುರುವಾಗಿ ನಾಲ್ಕೈದು ಕಡೆ ಒಡೆದು ಕಿಚಕಿಚ ಎನ್ನುವ ಗದ್ದಲದಲ್ಲಿ ಮುಗಿಯುತ್ತದೆ. ತೋಳದ ಊಳು ಹಾಗಲ್ಲ, ಉದ್ದ, ಸಮ, ತಗ್ಗಿದ ದನಿ. ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಾಗಿದೆ, ನಮ್ಮ ಕಡೆಯ ಕುರಿ ಹಟ್ಟಿಗಳಿಗೂ ತೋಳ ಹೊಸತಲ್ಲ.

ಮಗು ಅತ್ತಂತೆ ಕೇಳಿತು ಎನ್ನುವ ಮಾತು ಬಹಳ ಬರುತ್ತದೆ. ಕಾಡುಬೆಕ್ಕುಗಳ ಜಗಳವಾಗಿರಬಹುದು, ನವಿಲಾಗಿರಬಹುದು, ಕಲ್ಗೊರವ ಎಂಬ ದೊಡ್ಡ ಕಣ್ಣಿನ ಹಕ್ಕಿಯಾಗಿರಬಹುದು. ಕಲ್ಗೊರವ ಹಗಲೆಲ್ಲ ಕಲ್ಲಿನ ಬಣ್ಣದಲ್ಲಿ ಕಲ್ಲಾಗಿ ಕೂತಿದ್ದು ಕತ್ತಲಾದ ಮೇಲೆ ಗೋಳಾಡುವ ದನಿಯಲ್ಲಿ ಕೂಗುತ್ತದೆ. ಬಂಡೆ ಸಂದಿನಲ್ಲಿ ಒಣ ಬಿದಿರು ಕಡ್ಡಿ ಅಲುಗಿಸಿದ ಸಪ್ಪಳ ಮುಳ್ಳುಹಂದಿಯದು, ಬಾಲದ ಟೊಳ್ಳು ಮುಳ್ಳುಗಳನ್ನು ಅದುರಿಸಿ ಎಚ್ಚರಿಸುತ್ತದೆ. ಬೆಳಗಿನ ಜಾವ ಪೊದೆಯಿಂದ ಊಪ್ ಊಪ್ ಊಪ್ ಎಂದು ಮಂದ್ರದಲ್ಲಿ ಬರುವ ದನಿಗೆ ದೊಡ್ಡ ದೊಡ್ಡ ಹೆಸರು ಕೊಡುತ್ತಾರೆ. ಅದು ನಮ್ಮ ಕೆಂಬೂತ, ಕಾಗೆ ಗಾತ್ರದ ಹಕ್ಕಿ. ಒಣಗಿದ ತರಗಿನಲ್ಲಿ ಯಾರೋ ನಡೆದು ಬಂದಂತಾದರೆ ಮೊದಲು ಮುಂಗುಸಿಯನ್ನೋ ಓತಿಕ್ಯಾತವನ್ನೋ ಹುಡುಕಿ. ಬಳ್ಳಾರಿಯ ಬಿಸಿಲಿಗೆ ಹಪ್ಪಳದಂತಾದ ಎಲೆಯ ಮೇಲೆ ಗೇಣುದ್ದದ ಜೀವವೂ ದೊಡ್ಡವರ ಹೆಜ್ಜೆ ಇಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾಗಿರುವುದು ಗೂಬೆಗೆ. ಕಲ್ಲುಗುಡ್ಡದ ದೊಡ್ಡ ಗೂಬೆ, ಕಿವಿಯ ಮೇಲೆ ಕೊಂಬಿನಂತೆ ಗರಿ, ಕಿತ್ತಳೆ ಕಣ್ಣು. ಬಂಡೆಯ ಚಾಚಿನ ಮೇಲೆ ಬರೀ ಮಣ್ಣಿನಲ್ಲೇ ಮೊಟ್ಟೆ ಇಡುತ್ತದೆ. ಮುಸ್ಸಂಜೆಗೆ ತುದಿಬಂಡೆಗೆ ಬಂದು ಬು-ಬೋ ಎಂದು ಎರಡು ಸ್ವರ ಬಿಡುತ್ತದೆ, ಎರಡನೆಯದು ಎಳೆದದ್ದು. ಅಷ್ಟು ತಗ್ಗಿದ ಸ್ವರಕ್ಕೆ ಬಂಡೆ ಅಡ್ಡ ಬಂದರೂ ಸುತ್ತಿ ಹಾಯುವ ಶಕ್ತಿಯುಂಟು, ಅದಕ್ಕೇ ಆ ಕೂಗು ಎಲ್ಲ ಕಡೆಯಿಂದಲೂ ಬಂದಂತೆ ಕೇಳುವುದು. ಗೂಡಿನ ಹತ್ತಿರ ಹೋದರೆ ಹಾವಿನಂತೆ ಬುಸುಗುಟ್ಟಿ ಕೊಕ್ಕು ಕಟಕಟಿಸುತ್ತದೆ. ಮಾಗಿಯಿಂದ ಬೇಸಿಗೆಯ ಆರಂಭದವರೆಗೆ ಅದರ ಸಂಸಾರದ ಕಾಲ, ಕೂಗು ಹೆಚ್ಚು. ಅದು ಕೂರುವ ಬಂಡೆಯ ಬುಡದಲ್ಲಿ ಹೆಬ್ಬೆರಳು ಗಾತ್ರದ ಬೂದು ಉಂಡೆಗಳು ಬಿದ್ದಿರುತ್ತವೆ, ಜೀರ್ಣವಾಗದ್ದನ್ನು ಅದು ಹಾಗೆ ಕಕ್ಕುತ್ತದೆ. ಒಂದನ್ನು ಕಡ್ಡಿಯಿಂದ ಬಿಡಿಸಿ ನೋಡಿ: ಕೂದಲ ನಡುವೆ ಇಲಿಯ ತಲೆಬುರುಡೆ, ಕಿತ್ತಳೆ ಬಣ್ಣದ ಬಾಗಿದ ಹಲ್ಲು, ಸೂಜಿಯಂಥ ಪಕ್ಕೆಲುಬು. ಕೆಳಗಿನ ಭತ್ತದ ಗದ್ದೆಯ ಲೂಟಿಕೋರರೇ ಇವು. ಮನೆ ಹಾಳು ಮಾಡುವ ಹಕ್ಕಿ ಎಂದು ಗೂಬೆಗೆ ಕಲ್ಲೆಸೆಯುವ ರೈತ ತನ್ನ ಸಂಬಳವಿಲ್ಲದ ಕಾವಲುಗಾರನನ್ನು ಓಡಿಸುತ್ತಿದ್ದಾನೆ. ಅದರ ಚಿಕ್ಕ ತಂಗಿ ಹಾಲಕ್ಕಿಗೆ ಮಾತ್ರ ನಮ್ಮ ಜನ ಮರ್ಯಾದೆ ಉಳಿಸಿದ್ದಾರೆ. ಬುಡಬುಡಿಕೆಯವರು ನಸುಕಿನಲ್ಲಿ ಹಾಲಕ್ಕಿ ನುಡಿಯಿತೆಂದು ಬಾಗಿಲಲ್ಲಿ ನಿಂತು ಶಕುನ ಹೇಳುತ್ತಾರೆ. ಆ ಪುಟ್ಟ ಗೂಬೆಯ ಚಿರಿಚಿರಿ ಜಗಳವನ್ನು ಒಂದು ತಲೆಮಾರು ಕಿವಿಗೊಟ್ಟು ಕೇಳಿದ್ದರಿಂದಲೇ ಅದು ಸಾಧ್ಯವಾದದ್ದು.

ಮೊಬೈಲಿನಲ್ಲಿ ಈಗ ಮರ್ಲಿನ್‌ನಂಥ ಆ್ಯಪ್‌ಗಳಿವೆ, ಕೂಗು ಕೇಳಿಸಿದರೆ ಹಕ್ಕಿಯ ಹೆಸರು ತೋರಿಸುತ್ತವೆ. ಬಳಸಿ, ಒಳ್ಳೆಯದೇ. ಆದರೆ ಅದಕ್ಕೆ ಕಲಿಸಿರುವುದು ಹಕ್ಕಿಗಳನ್ನು ಮಾತ್ರ, ಕರಡಿಯ ಹೀರು ಅದಕ್ಕೆ ಗೊತ್ತಿಲ್ಲ. ಜಗತ್ತಿನ ಹಕ್ಕಿಕೂಗುಗಳನ್ನು 2005ರಿಂದ ಕೂಡಿಡುತ್ತಿರುವ ಜೆನೊ-ಕ್ಯಾಂಟೊ ತಾಣದಲ್ಲಿ ಹುಡುಕಿ ಕೇಳಿ ಹೋಲಿಸಿದರೆ ಕಿವಿ ಪಳಗುತ್ತದೆ. ಆದರೆ ಕಾಡಿನಲ್ಲಿ ನಿಂತು ಆ ಕೂಗುಗಳನ್ನು ಜೋರಾಗಿ ಹಚ್ಚಬೇಡಿ. ಇನ್ನೊಂದು ಗೂಬೆ ಬಂತೆಂದು ಇದ್ದ ಗೂಬೆ ಮೊಟ್ಟೆ ಬಿಟ್ಟು ಎದ್ದೀತು.

ಇಲ್ಲಿ ಕಲ್ಲೂ ಕೂಗುತ್ತದೆ. ಬಳ್ಳಾರಿಯಿಂದ ಸ್ವಲ್ಪವೇ ದೂರದ ಸಂಗನಕಲ್ಲು-ಕಪ್ಪಗಲ್ಲಿನ ಹಿರೇಗುಡ್ಡದ ಬೆನ್ನಿನ ಮೇಲೆ ಕಪ್ಪನೆಯ ಡಾಲರೈಟ್ ಶಿಲೆಯ ಪಟ್ಟಿಯೊಂದು ಹಾದುಹೋಗಿದೆ. ಅಲ್ಲಿನ ಕೆಲವು ಬಂಡೆಗಳ ಮೇಲೆ ನಯವಾದ ಕುಳಿಗಳಿವೆ. ಗ್ರಾನೈಟ್ ಕಲ್ಲಿನಿಂದ ಕುಳಿಗೆ ಬಡಿದರೆ ಜಾಗಟೆಯಂಥ ನಾದ ಹೊರಡುತ್ತದೆ. ಸುತ್ತ ಕೊಂಬಿನ ದನಗಳ, ಮನುಷ್ಯರ ಕೊರೆದ ಚಿತ್ರಗಳು. ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ 1892ರಲ್ಲೇ ಇವುಗಳ ಬಗ್ಗೆ ಬರೆದಿದ್ದರು. ಆಮೇಲೆ ಬಹುಕಾಲ ಮರೆತುಹೋಗಿದ್ದ ಚಿತ್ರಗಳನ್ನೂ ನಾದದ ಬಂಡೆಗಳನ್ನೂ ನಿಕೋಲ್ ಬೊವಿನ್ 2004ರಲ್ಲಿ ಪುರಾತತ್ವದ ಪತ್ರಿಕೆಯೊಂದರಲ್ಲಿ ಮತ್ತೆ ವಿವರಿಸಿದರು. ಧಾರವಾಡದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಜೊತೆಗಾರರು ಈ ಗುಡ್ಡಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಪ್ರಾಗಿತಿಹಾಸ ಸಂಶೋಧಕ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವೂ ಬಳ್ಳಾರಿಯಲ್ಲಿದೆ. ನವಶಿಲಾಯುಗದ ದನಗಾಹಿಗಳು ಈ ಬಂಡೆಗಳನ್ನು ಏಕೆ ಬಾರಿಸುತ್ತಿದ್ದರೋ ತಿಳಿಯದು, ಆದರೆ ಬಾರಿಸುವ ಬಂಡೆಯನ್ನು ಆರಿಸಲು ಗುಡ್ಡದ ಕಲ್ಲುಗಳ ದನಿಯನ್ನು ಕೇಳಿ ನೋಡಿರಬೇಕು ಎಂದು ಕುಳಿಗಳನ್ನು ಕಂಡಾಗ ಅನಿಸುತ್ತದೆ. ಅದೇ ಗುಡ್ಡವನ್ನು ಜಲ್ಲಿಗಾಗಿ ಸಿಡಿಸುವ ಗಣಿಗಳು ತಟ್ಟಿದಾಗ ಆದ ನಷ್ಟ ಕಲ್ಲಿನದ್ದು ಮಾತ್ರವಲ್ಲ. ಗ್ರಾನೈಟ್ ಸಿಡಿದ ಸದ್ದಿಗೆ ಗೂಬೆ ಗೂಡು ಬಿಡುತ್ತದೆ, ಕರಡಿ ಹಗಲಿನಲ್ಲೇ ಗದ್ದೆಗೆ ಇಳಿಯುತ್ತದೆ.

ಸಿರುಗುಪ್ಪಕ್ಕೆ ಹೋದರೆ ದನಿಯ ಲೋಕವೇ ಬದಲಾಗುತ್ತದೆ. ಗುಡ್ಡ ತಗ್ಗಿ, ತುಂಗಭದ್ರೆ ಅಗಲವಾಗಿ, ಕಣ್ಣು ಹಾಯುವಷ್ಟೂ ಭತ್ತ. ಮೊದಲ ದೊಡ್ಡ ಮಳೆಯ ರಾತ್ರಿ ಗದ್ದೆಯಲ್ಲಿ ಎಮ್ಮೆಕರು ಅರಚಿದಂತೆ ಕೇಳಿದರೆ ಅದು ದೊಡ್ಡ ಗೋಂಕರು ಕಪ್ಪೆ. ಹಗಲು ಹೋಗಿ ನೋಡಿ, ಗಂಡು ನಿಂಬೆ ಹಳದಿಗೆ ತಿರುಗಿ ಕೆನ್ನೆಯ ಎರಡೂ ಬದಿ ನೀಲಿ ಚೀಲ ಉಬ್ಬಿಸಿರುತ್ತದೆ. ಉಳಿದ ತಿಂಗಳೆಲ್ಲ ಮಣ್ಣಿನೊಳಗೇ ಇರುವ ಬಲೂನ್ ಕಪ್ಪೆಗಳೂ ಆ ಒಂದೆರಡು ರಾತ್ರಿ ನೀರಿನ ಮೇಲೆ ತೇಲುತ್ತ ಕೂಗಿ ಮತ್ತೆ ನೆಲ ಸೇರುತ್ತವೆ. ನದಿಯ ಮೇಲ್ಭಾಗದಲ್ಲಿ, ತುಂಗಭದ್ರಾ ಅಣೆಕಟ್ಟೆಯಿಂದ ಕಂಪ್ಲಿಯವರೆಗಿನ 34 ಕಿಲೊಮೀಟರನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಮಡುವಿನ ಬಂಡೆಗಳ ಹಿಂದಿನಿಂದ ಹಕ್ಕಿಯಂಥ ಸಿಳ್ಳೆ, ಅದರ ಬೆನ್ನಿಗೇ ನೀರು ಬಡಿದ ಸದ್ದು ಕೇಳಿದರೆ ಅವೇ.

ನನ್ನನ್ನು ಹೆಚ್ಚು ಕಾಡುವ ದನಿ ಸಿರುಗುಪ್ಪದ ಎರೆ ಹೊಲದ್ದು. ದೊರವಾಯನ ಹಕ್ಕಿ ಎಂದೂ ಎರೆಭೂತ ಎಂದೂ ಕರೆಯುವ ಹೆಬ್ಬಕ ಒಂದು ಮೀಟರ್ ಎತ್ತರ ನಿಲ್ಲುವ, ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರುವ ಹಕ್ಕಿ. ಮಳೆಗಾಲದಲ್ಲಿ ಗಂಡು ಎತ್ತರದ ಬಯಲಿಗೆ ಬಂದು ಬಾಲವನ್ನು ಬೆನ್ನ ಮೇಲೆ ಬಿಚ್ಚಿ, ಎದೆಯ ಮುಂದೆ ಗಾಳಿಚೀಲ ಮೊಳಕಾಲಿಗೆ ತಾಗುವಷ್ಟು ಇಳಿಬಿಟ್ಟು ಹೂಂ ಎಂದು ಮಂದ್ರದಲ್ಲಿ ಮೊಳಗುತ್ತದೆ. ಅರ್ಧ ಕಿಲೊಮೀಟರ್ ದೂರಕ್ಕೂ ಅದು ಕೇಳುತ್ತದೆ. ಆ ಮೊಳಗು ಹೆಣ್ಣು ಹಕ್ಕಿಯನ್ನು ಕರೆಯುವುದಕ್ಕೆ. ಕರೆದಾಗ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿ ಇನ್ನೊಂದು ಇರಬೇಕಲ್ಲ! ಇಡೀ ದೇಶದಲ್ಲಿ ಉಳಿದಿರುವುದು ಸುಮಾರು 150 ಎಂಬ ಅಂದಾಜು, ಹೆಚ್ಚಿನವು ರಾಜಸ್ಥಾನದಲ್ಲಿ. 2011ರಲ್ಲಿ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿ ಇದನ್ನು ಅಳಿವಿನ ಅಂಚಿನ ಗುಂಪಿಗೆ ಸೇರಿಸಿತು. ಕರ್ನಾಟಕದಲ್ಲಿ ಒಂದು ಕಾಲಕ್ಕೆ ಇದಕ್ಕೆ ಹೆಸರಾಗಿದ್ದ ರಾಣೆಬೆನ್ನೂರಿನಲ್ಲಿ ಈಗ ಇಲ್ಲ. ಬೆರಳೆಣಿಕೆಯಷ್ಟು ಹಕ್ಕಿಗಳಿಗೆ ಸಿರುಗುಪ್ಪ ತಾಲ್ಲೂಕಿನ ಮಳೆಯಾಶ್ರಿತ ಎರೆ ಬಯಲೇ ನೆಲೆ, ಕಡಲೆ, ಜೋಳ ಬೆಳೆಯುವ ಹೊಲಗಳೇ ಅವುಗಳ ಕಾಡು.

ಇಂಥ ಹೊಲಗಳಲ್ಲಿ ವಿದ್ಯುತ್ ತಂತಿ ಹಾಯಿಸಿದರೆ ಭಾರದ ಈ ಹಕ್ಕಿ ತಕ್ಷಣ ತಿರುಗಲಾಗದೆ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತಿನಲ್ಲಿ ಇದೇ ಕಾರಣಕ್ಕೆ ತಂತಿಗಳನ್ನು ನೆಲದಡಿ ಹಾಕಬೇಕೆಂಬ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 2021ರಲ್ಲಿ ಆದೇಶವಾಗಿ 2024ರಲ್ಲಿ ಅದು ಸಡಿಲವೂ ಆಯಿತು. ನಮ್ಮ ಕಡೆ ಬಯಲಿನ ಹೊಲ ನೀರಾವರಿಗೆ ತಿರುಗಿದಷ್ಟೂ, ಬೀದಿನಾಯಿ ಹೆಚ್ಚಿದಷ್ಟೂ ಹಕ್ಕಿಯ ನೆಲೆ ಕಿರಿದಾಗುತ್ತದೆ. ಹೆಣ್ಣು ನೆಲದ ಮೇಲೆಯೇ, ಬಹುಪಾಲು ಒಂದೇ ಮೊಟ್ಟೆ ಇಡುತ್ತದೆ. ಫೋಟೊಗೆಂದು ಹೊಲ ತುಳಿದವರಿಂದ ಅದು ಎದ್ದುಹೋದರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು.

ಸಿರುಗುಪ್ಪ ಸೀಮೆಯ ರೈತರಲ್ಲಿ, ಅಲ್ಲಿ ಕುರಿ ನಿಲ್ಲಿಸುವ ಅಣ್ಣತಮ್ಮಂದಿರಲ್ಲಿ ನನ್ನ ಕೋರಿಕೆ ಇದು. ಮಳೆಗಾಲದ ಮುಂಜಾನೆ ಎರೆ ಹೊಲದಿಂದ ಗುರುತು ಸಿಗದ ಮೊಳಗು ಬಂದರೆ ಹತ್ತಿರ ಹೋಗಬೇಡಿ, ನಾಯಿಯನ್ನು ಬಿಡಬೇಡಿ, ಜಾಗದ ಗುರುತನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಹೊತ್ತು, ದಿಕ್ಕು, ಹೊಲದಲ್ಲಿದ್ದ ಬೆಳೆ ಇಷ್ಟನ್ನು ಬರೆದಿಟ್ಟುಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ಸಹಾಯವಾಣಿ ಸಂಖ್ಯೆ 1926. ಕುರುಗೋಡಿನ ಗವಿಯಲ್ಲಿ ಗುನುಗು ಕೇಳಿದ ಹುಡುಗರಿಗೂ ಸಂಖ್ಯೆ ಅದೇ.